ಬಾಣಂತಿ ಮನೆಗೆ ಕ್ಯಾಮೆರಾ ಹಿಡಿದು ಹೋಗುವ ಮುನ್ನ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳೆಂದರೆ ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಡಿಸೆಂಬರ್ ಸುಮಾರಿಗೆ ಬಂದು ಊರೊಳಗಿನ ಹುಣಿಸೆ, ಬಸರಿ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರಿಗಳ ರೆಕ್ಕೆ ಬಲಿತ ಮೇಲೆ ಬೇಸಿಗೆಯ ಕೊನೆಗೆ ಹೊರಡುತ್ತವೆ. ಅದೇ ತಿಂಗಳುಗಳಲ್ಲಿ ಹವ್ಯಾಸಿ ಛಾಯಾಗ್ರಾಹಕರ ತಂಡಗಳೂ ಬರುತ್ತವೆ. ಬೆಂಗಳೂರಿನಿಂದ ದಾರಿ ಸುಮಾರು 80 ಕಿ.ಮೀ. ಭಾನುವಾರ ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಹೊರಡುವುದು ಸುಲಭ; ಸಿದ್ಧತೆಯೇ ಕಷ್ಟದ್ದು.

ಹಕ್ಕಿಯ ಚಿತ್ರವೆಂದರೆ ಗೂಡಿನ ಚಿತ್ರ ಎಂಬ ಕಾಲವೊಂದಿತ್ತು. ಇಂಗ್ಲೆಂಡಿನ ಕಿಯರ್ಟನ್ ಸೋದರರು 1895ರಲ್ಲಿ ಪ್ರಕಟಿಸಿದ, ಉದ್ದಕ್ಕೂ ಛಾಯಾಚಿತ್ರಗಳೇ ಇದ್ದ ಪುಸ್ತಕದ ವಸ್ತುವೇ ಹಕ್ಕಿಗೂಡುಗಳು. ಹಕ್ಕಿಗಳ ಹತ್ತಿರ ಹೋಗಲು ಅವರು ಎತ್ತಿನ ಚರ್ಮ ಹೊದಿಸಿದ ಟೊಳ್ಳು ಬೊಂಬೆಯೊಳಗೆ ಅಡಗಿ ಕೂತದ್ದೂ ಉಂಟು. ಇದು ಬರೀ ಹುಚ್ಚಲ್ಲ. ಅಂದಿನ ಗಾಜಿನ ಫಲಕಗಳು ಬೆಳಕಿಗೆ ಮಂದ, ಮಸೂರಗಳ ನೋಟ ಹತ್ತಿರದ್ದು. ಹಾರಾಡುವ ಹಕ್ಕಿಯನ್ನು ಹಿಡಿಯಲಾಗದವನಿಗೆ ಅದು ಖಂಡಿತ ಮರಳಿ ಬರುವ ಜಾಗವೊಂದೇ ಗತಿ. ಮುಂದೆ ಬಟ್ಟೆಯ ಮರೆ ಕಟ್ಟಿ, ಅದನ್ನು ದಿನಕ್ಕಿಷ್ಟು ಸರಿಸುತ್ತ ಹಕ್ಕಿಗೆ ಅಭ್ಯಾಸ ಮಾಡಿಸುವ ಪದ್ಧತಿ ಎಲ್ಲೆಡೆ ಬೆಳೆಯಿತು. ಆ ಪದ್ಧತಿಯಲ್ಲಿ ದೋಷವಿದ್ದರೂ ಒಂದು ಗುಣವಿತ್ತು: ಮರೆಯೊಳಗೆ ಹಿಡಿಸುತ್ತಿದ್ದವನು ಒಬ್ಬನೇ.

ಈಗ 600 ಮಿ.ಮೀ. ಮಸೂರ ಹವ್ಯಾಸಿಯ ಕೈಯಲ್ಲೂ ಇದೆ. ಹತ್ತಿರ ಹೋಗುವ ಅಗತ್ಯ ತಪ್ಪಿತು, ಆದರೆ ಹೋಗುವವರ ಸಂಖ್ಯೆ ಇಪ್ಪತ್ತಾಯಿತು. ಮನೆಯ ಮಾಡಿನ ಮೇಲೇ ಗೂಡು ಕಟ್ಟುವ ಈ ಹಕ್ಕಿಗಳಿಗೆ ಜನರ ಭಯವಿಲ್ಲವೆಂದು ತಂಡಗಳು ತಿಳಿಯುವುದುಂಟು. ಅವಕ್ಕೆ ಅಭ್ಯಾಸವಾಗಿರುವುದು ಕೊಡ ಹೊತ್ತು ಹೋಗುವ ಹೆಂಗಸು, ಮೇವಿಗೆ ಹೊರಟ ದನ, ತನ್ನ ಪಾಡಿಗೆ ಸಾಗುವ ಗಾಡಿ. ಮರದ ಸುತ್ತ ನೆರೆದು, ಮೇಲೆ ಕತ್ತೆತ್ತಿ, ಒಟ್ಟಿಗೇ ಕ್ಯಾಮೆರಾ ಎತ್ತುವ ಗುಂಪು ಬೇರೆಯೇ ಸಂಗತಿ. ತಾಯಿಹಕ್ಕಿ ಗಾಬರಿಯಿಂದ ಎದ್ದರೆ ಕಾಗೆ, ಹದ್ದುಗಳಿಗೆ ಮೊಟ್ಟೆ ಸಿಗುತ್ತದೆ. ಪುಕ್ಕ ಮೂಡದ ಮರಿಗೆ ಮಾರ್ಚ್ ಬಿಸಿಲೇ ಸಾಕು. ಕಾನೂನೂ ಇದನ್ನು ಲಘುವಾಗಿ ನೋಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಈಗ ಹಲವಿವೆ.

ಆದ್ದರಿಂದ ಬಲ್ಲ ತಂಡ ಮೊದಲು ಕಳಿಸುವುದು ಒಂದಿಬ್ಬರನ್ನು, ಅದೂ ಒಂದು ವಾರ ಮುಂಚೆ. ಯಾವ ಮರದಲ್ಲಿ ಇನ್ನೂ ಮೊಟ್ಟೆ, ಯಾವುದರಲ್ಲಿ ಮರಿ ದೊಡ್ಡದಾಗಿವೆ, ಬೆಳಗಿನ ಬಿಸಿಲು ಯಾವ ಮಗ್ಗುಲಿಗೆ ಬೀಳುತ್ತದೆ ಎಂದು ನೋಡಿ ಬರುವುದು ಅವರ ಕೆಲಸ. ಮೊಟ್ಟೆಯಿರುವ ಮರಗಳನ್ನು ಪಟ್ಟಿಯಿಂದಲೇ ಬಿಡಬೇಕು. ಉಳಿದ ಕಡೆಗೆ ನಾಲ್ಕೈದು ಜನರ ಗುಂಪು ಮಾಡಿ, ಮರದ ಒಂದೇ ಪಕ್ಕದಲ್ಲಿ ನಿಲ್ಲುವಂತೆ ಹಂಚಬೇಕು. ಸುತ್ತುವರಿದರೆ ಹಕ್ಕಿಗೆ ಹಾರಿಹೋಗಲು ನಿರಾಳ ದಿಕ್ಕೇ ಉಳಿಯದು. ಗೂಡಿನ ಬದಲು ಕಡ್ಡಿ ಹೊತ್ತು ಬರುವ, ರೆಕ್ಕೆ ಹರಡಿ ಇಳಿಯುವ ಹಕ್ಕಿಗೆ ಕಾಯುವುದು ಮೇಲು. ಚಿತ್ರವೂ ಆಗಲೇ ಚೆನ್ನ.

ಬೆಳಕಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ನಮ್ಮ ನಾಡಿನಲ್ಲಿ ಸೂರ್ಯ ಬಹುಮಟ್ಟಿಗೆ ನೇರವಾಗಿ ಮೇಲೇರುವುದರಿಂದ ಹೊಂಬಿಸಿಲು ಬಹಳ ಹೊತ್ತು ನಿಲ್ಲುವುದಿಲ್ಲ. ಒಂಬತ್ತು ಗಂಟೆ ದಾಟಿದರೆ ಬಣ್ಣದ ಕೊಕ್ಕರೆಯ ಬಿಳಿ ಗರಿಗಳು ಸುಣ್ಣ ಬಳಿದಂತೆ ಕಾಣುತ್ತವೆ, ಹಿಂಭಾಗದ ಗುಲಾಬಿ ಮಾಸುತ್ತದೆ. ಹಿಂದೆ ಕಡುಹಸಿರು ಎಲೆಗಳಿದ್ದರೆ ಕ್ಯಾಮೆರಾದ ಅಳತೆಗಿಂತ ಕಡಿಮೆ ಬೆಳಕು ಬಿಡಬೇಕು. ಬೆಳ್ಳನೆಯ ಆಕಾಶವಿದ್ದರೆ ಹೆಚ್ಚು. ಹೊಸಬರಿಗೆ ಇದನ್ನು ವ್ಯಾನಿನಲ್ಲೇ ಹೇಳಿಕೊಟ್ಟರೆ ಮರದಡಿ ಗಟ್ಟಿಯಾಗಿ ಪಾಠ ಮಾಡುವುದು ತಪ್ಪುತ್ತದೆ. ಫ್ಲ್ಯಾಷ್ ಮತ್ತು ಡ್ರೋನ್ ಮನೆಯಲ್ಲೇ ಇರಲಿ. ಮಾಸಲು ಬಣ್ಣದ ಅಂಗಿ, ಟೋಪಿ, ನೀರು, ಹೆಚ್ಚುವರಿ ಬ್ಯಾಟರಿ ಇಷ್ಟಕ್ಕೆ ಚೀಲ ಮುಗಿಯಿತು. ಒಂದು ಕಂಪನಿಯ ಮಸೂರ ಇನ್ನೊಂದರ ಕ್ಯಾಮೆರಾಗೆ ಸಾಮಾನ್ಯವಾಗಿ ಕೂಡದು. ಹಂಚಿಕೊಳ್ಳುವವರು ಮೊದಲೇ ಜೋಡಿ ಮಾಡಿಕೊಳ್ಳುವುದು ಕ್ಷೇಮ. ಫಿಲಂ ಸುರುಳಿಯ ದಿನಗಳಲ್ಲಿ 36 ಚಿತ್ರಕ್ಕೆ ಕೈ ತಾನಾಗಿ ನಿಲ್ಲುತ್ತಿತ್ತು. ಈಗ ಕಾರ್ಡು ತುಂಬುವುದೇ ಇಲ್ಲ, ಹಾಗಾಗಿ ಒಂದು ಮರದಡಿ ಇಷ್ಟೇ ನಿಮಿಷ ಎಂದು ತಂಡವೇ ಗೊತ್ತು ಮಾಡಿಕೊಳ್ಳಬೇಕು.

ಈ ಊರಿನ ಹಕ್ಕಿಗಳ ಮಹತ್ವವನ್ನು 1976ರಲ್ಲಿ ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಆದರೆ ಮರಗಳು ಇಂದಿಗೂ ಹಿತ್ತಿಲಿನವು. ಹುಣಿಸೆ ಕೊಯ್ಲಿನ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುವುದರಿಂದ ಎಷ್ಟೋ ಮನೆಯವರು ಹಣ್ಣು ಬಡಿಯದೆ ಬಿಟ್ಟಿದ್ದಾರೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. ಮರದ ಕೆಳಗಿನ ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ. ಚಿತ್ರಕ್ಕೆ ಕಸದಂತೆ ಕಂಡಿತೆಂದು ಅದನ್ನು ತುಳಿದು ಸರಿಸುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ವ್ಯಾನನ್ನು ಊರ ಹೊರಗೆ ನಿಲ್ಲಿಸಿ, ಹಿತ್ತಿಲಿಗೆ ಕಾಲಿಡುವ ಮೊದಲು ಮನೆಯ ಹಿರಿಯರನ್ನು ಕೇಳಬೇಕು. ಜಗಲಿಯಲ್ಲಿ ಕೂತವರ ಚಿತ್ರ ತೆಗೆದಿದ್ದರೆ ಅಚ್ಚು ಹಾಕಿಸಿದ ಒಂದು ಪ್ರತಿಯನ್ನು ಮುಂದಿನ ಸಲ ತಂದುಕೊಡುವ ಹೊಣೆಯನ್ನು ತಂಡದ ಒಬ್ಬರಿಗೆ ಹೆಸರು ಹಿಡಿದೇ ಒಪ್ಪಿಸಬೇಕು. ಎಲ್ಲರ ಪಾಲಿಗೆ ಬಿಟ್ಟ ಕೆಲಸ ಯಾರೂ ಮಾಡುವುದಿಲ್ಲ.