ಯಂತ್ರ ನೋಡುವ ಮೊದಲು ನೀರು ನೋಡಿ

ಬೇಸಿಗೆಯ ಮಧ್ಯಾಹ್ನ. ಪಾತ್ರೆ ತೊಳೆದಿಟ್ಟು ಇನ್ನೇನು ಐದು ನಿಮಿಷ ಕಾಲು ಚಾಚೋಣ ಅನ್ನುವಷ್ಟರಲ್ಲಿ ಬಾಗಿಲ ಬಳಿ ಸದ್ದು. ಟೈ ಕಟ್ಟಿದ ಹುಡುಗ. "ಅಕ್ಕಾ, ಒಂದು ಲೋಟ ನೀರು ಕೊಡ್ರಿ" ಅಂದ. ಪಾಪ, ಬಿಸಿಲಲ್ಲಿ ಬಂದಿದ್ದಾನೆ ಎಂದುಕೊಂಡು ಕೊಟ್ಟರೆ ಕುಡಿಯಲೇ ಇಲ್ಲ! ಬ್ಯಾಗಿನಿಂದ ಲೋಹದ ಕಡ್ಡಿಗಳಿದ್ದ ಒಂದು ಉಪಕರಣ ತೆಗೆದು, ನಮ್ಮ ನೀರಿಗೂ ತಾನು ತಂದಿದ್ದ ಬಾಟಲಿ ನೀರಿಗೂ ಅದ್ದಿ ಸ್ವಿಚ್ ಹಾಕಿದ. ನೋಡನೋಡುತ್ತಿದ್ದಂತೆ ನಮ್ಮ ಲೋಟದ ನೀರು ಕೆಸರಿನ ಬಣ್ಣಕ್ಕೆ ತಿರುಗಿತು. ಅವನದು ತಿಳಿಯಾಗಿಯೇ ಇತ್ತು. "ನೋಡ್ರಿ ಅಕ್ಕಾ, ಇಷ್ಟು ವಿಷ ಐತೆ. ಇದನ್ನೇ ಮಕ್ಕಳಿಗೆ ಕುಡಿಸ್ತೀರಲ್ಲ!"

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಯಾವ ತಾಯಿಗೆ ಈ ಮಾತು ತಾಗುವುದಿಲ್ಲ ಹೇಳಿ? ಹೆದರಿ ಅವತ್ತೇ ಮುಂಗಡ ಕೊಟ್ಟವರಲ್ಲಿ ನಾನೂ ಒಬ್ಬಳು. 'ನಿಮ್ಮ ಬಜೆಟ್ಟಿಗೆ ಇದೇ ಸಾಕು' ಎಂದು ಅವನು ತಂದು ಕೂರಿಸಿದ್ದು ಯುವಿ ಯಂತ್ರ. ನಮ್ಮ ಬೋರ್‌ವೆಲ್ ನೀರಿಗೆ ಅದು ಹೊಂದುವುದೇ ಇಲ್ಲ ಎಂದು ತಿಳಿದದ್ದು ವರ್ಷದ ಮೇಲೆ, ನೀರು ಪರೀಕ್ಷೆ ಮಾಡಿಸಿದಾಗ. ನಾನು ಮಾಡಿದ ತಪ್ಪು ನೀವು ಮಾಡಬೇಡಿ ಎಂದೇ ಈ ಬರಹ.

ಬಣ್ಣದ ಗುಟ್ಟು

ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತದೆ. ಲವಣ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯದು, ಬಣ್ಣವೂ ಬಾರದು. ಅಷ್ಟೇ ವಿಷಯ. ನಿಮ್ಮ ಮನೆಗೂ ಇಂಥವರು ಬಂದರೆ ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಅದ್ದಲು ಹೇಳಿ. ಅದೂ ಕೆಂಪಗಾಗುತ್ತದೆ! ಅಂದರೆ ಈ ಆಟದಿಂದ ನೀರು ಕೆಟ್ಟದ್ದು ಎಂದೂ ಗೊತ್ತಾಗುವುದಿಲ್ಲ, ಒಳ್ಳೆಯದು ಎಂದೂ ಗೊತ್ತಾಗುವುದಿಲ್ಲ.

ನಮ್ಮ ನೀರಿನ ನಿಜವಾದ ತೊಂದರೆ

ತೊಗರಿಬೇಳೆ ಎಷ್ಟು ಕೂಗಿಸಿದರೂ ಬೇಯದು, ಸೋಪು ನೊರೆ ಬರದು, ಪಾತ್ರೆಯ ತಳದಲ್ಲಿ ಬಿಳಿ ಪೊರೆ. ಇದು ಗಡಸು ನೀರಿನ ಲಕ್ಷಣ, ನಮಗೆಲ್ಲ ಗೊತ್ತಿರುವುದೇ. ಆದರೆ ಕಣ್ಣಿಗೆ ಕಾಣದ, ನಾಲಿಗೆಗೂ ತಿಳಿಯದ ಇನ್ನೊಂದು ಶತ್ರು ಇದೆ. ಅದೇ ಫ್ಲೋರೈಡ್. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಇದು ಮಿತಿ ಮೀರಿದೆ. ಇಲ್ಲಿನ ಬಂಡೆಗಳಲ್ಲೇ ಇರುವ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಹಲ್ಲು ಒಳಗೇ ರೂಪುಗೊಳ್ಳುತ್ತಿರುವ ಪುಟ್ಟ ಮಕ್ಕಳಿಗೆ ಮುಂದೆ ಕಂದು ಕಲೆಯ ಹಲ್ಲುಗಳು ಬರುತ್ತವೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಪ್ರಮಾಣ ತುಂಬಾ ಹೆಚ್ಚಿದ್ದರೆ ದೊಡ್ಡವರಿಗೆ ಕೀಲು, ಬೆನ್ನು ಹಿಡಿದುಕೊಳ್ಳುತ್ತದೆ.

'ನಾವು ಕುದಿಸಿ ಆರಿಸಿಯೇ ಕುಡಿಯೋದು' ಅಂತೀರಾ? ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಫ್ಲೋರೈಡ್ ಮಾತ್ರ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ.

ಮೊದಲು ಪರೀಕ್ಷೆ

ಅಂಗಡಿಯವರು ಪೆನ್ನಿನಂಥ ಮೀಟರ್ ಅದ್ದಿ ಟಿಡಿಎಸ್ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು. 500ರೊಳಗೆ ಇದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು ಎನ್ನುತ್ತದೆ ಮಾನಕ. ಆದರೆ ಈ ಪೆನ್ನಿಗೆ ಫ್ಲೋರೈಡ್ ಬೇರೆ, ಉಪ್ಪು ಬೇರೆ ಎಂಬ ಭೇದ ಗೊತ್ತಿಲ್ಲ. ಟಿಡಿಎಸ್ ಕಡಿಮೆ ಇದ್ದೂ ಫ್ಲೋರೈಡ್ ಹೆಚ್ಚಿರಬಹುದು.

ಆದ್ದರಿಂದ ಪ್ರಯೋಗಾಲಯದ ಪರೀಕ್ಷೆಯೇ ಸರಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕಕ್ಕೆ ನೀರು ಪರೀಕ್ಷೆ ಮಾಡಿಸಿಕೊಳ್ಳಬಹುದು. ಊರ ಕಡೆ ತವರು ಮನೆ ಇದ್ದರೆ ಅಲ್ಲಿ ಪಂಚಾಯಿತಿಯನ್ನು ವಿಚಾರಿಸಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿ ಹಳ್ಳಿಗೆ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ.

ನೀರು ಒಯ್ಯುವಾಗ ಗಾಜಿನ ಬಾಟಲಿ ಬೇಡ, ಒಂದು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿ ಇರಲಿ. ಮೋಟಾರ್ ಹಾಕಿ ಸ್ವಲ್ಪ ಹೊತ್ತು ಹರಿಯಬಿಟ್ಟು, ಅದೇ ನೀರಿನಲ್ಲಿ ಮೂರು ಸಲ ಬಾಟಲಿ ತೊಳೆದು ತುಂಬಿಸಿ. 'ಫ್ಲೋರೈಡ್ ನೋಡಿ' ಎಂದು ಬಾಯಿಬಿಟ್ಟು ಕೇಳಿ.

ಯಾವ ನೀರಿಗೆ ಯಾವ ಯಂತ್ರ?

ಚಳ್ಳಕೆರೆ ಪಟ್ಟಣಕ್ಕೆ ವಾಣಿವಿಲಾಸ ಸಾಗರದ ನೀರು ಬರುತ್ತದೆ. ನಿಮ್ಮಲ್ಲಿ ವರ್ಷವಿಡೀ ನಲ್ಲಿ ನೀರೇ ಕುಡಿಯುವುದಾದರೆ, ಪರೀಕ್ಷೆಯಲ್ಲಿ ಲವಣ, ಫ್ಲೋರೈಡ್ ಎರಡೂ ಮಿತಿಯಲ್ಲಿದ್ದರೆ, ದುಬಾರಿ ಆರ್‌ಒ ಬೇಕಿಲ್ಲ. ರೋಗಾಣು ಕೊಲ್ಲುವ ಯುವಿ ಯಂತ್ರ ಸಾಕು. ಖರ್ಚೂ ಉಳಿಯಿತು, ನೀರೂ ಉಳಿಯಿತು.

ಬೋರ್‌ವೆಲ್ ನೀರೇ ಗತಿ, ಫ್ಲೋರೈಡ್ ಹೆಚ್ಚಿದೆ ಅಂದರೆ ಆರ್‌ಒ ಇರುವ ಯಂತ್ರವೇ ಬೇಕು. ಅತಿ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸಿ ಕರಗಿದ ಲವಣಗಳನ್ನೂ ಅದು ತಡೆಯುತ್ತದೆ. ಆಗ ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಚಹಾಕ್ಕೂ ಅದೇ ನೀರು ಬಳಸಿ. ಫ್ಲೋರೈಡ್ ಅಡುಗೆಯ ಮೂಲಕವೂ ಹೊಟ್ಟೆ ಸೇರುತ್ತದಲ್ಲ!

ಆ ಪುಟ್ಟ ತಿರುಪಿನ ಮೇಲೆ ಕಣ್ಣಿರಲಿ

ಆರ್‌ಒ ನೀರು ಸಪ್ಪೆ ಎಂದು ಮನೆಯವರು ಗೊಣಗುತ್ತಾರೆ. ಮೆಕ್ಯಾನಿಕ್ ಬಂದು ಒಳಗಿನ ಒಂದು ತಿರುಪು ತಿರುಗಿಸಿ 'ಈಗ ರುಚಿ ನೋಡ್ರಿ' ಅಂತಾನೆ. ಹಲವು ಯಂತ್ರಗಳಲ್ಲಿ ಈ 'ಟಿಡಿಎಸ್ ಕಂಟ್ರೋಲರ್' ಮಾಡುವ ಕೆಲಸ ಏನು ಗೊತ್ತೇ? ಲವಣ ತೆಗೆಯದ ನೀರನ್ನು ಸ್ವಲ್ಪ ಬೆರೆಸುವುದು. ಅದರ ಜೊತೆಗೆ ಫ್ಲೋರೈಡೂ ವಾಪಸ್! ನಮ್ಮ ಭಾಗದವರು ಇದನ್ನು ಮುಚ್ಚಿಸಿಯೇ ಇಡುವುದು ಕ್ಷೇಮ. ರುಚಿಗೆ ಮಣ್ಣಿನ ಹೂಜಿಯಲ್ಲಿ ತುಂಬಿಡಿ, ಸಪ್ಪೆ ಎನ್ನುವವರೂ ಇನ್ನೊಂದು ಲೋಟ ಕೇಳುತ್ತಾರೆ.

ಬಿಟ್ಟ ನೀರು ಬಂಗಾರ

ಮನೆ ಬಳಕೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಹೊರಗೆ ಬಿಡುತ್ತದೆ. ಕೊಡ ನೀರಿಗೆ ಕಾದು ನಿಂತ ನಮ್ಮ ಸೀಮೆಯಲ್ಲಿ ಅದನ್ನು ಚರಂಡಿಗೆ ಬಿಡಲು ಮನಸ್ಸು ಬಂದೀತೇ? ಪೈಪಿನ ಕೆಳಗೆ ಬಕೆಟ್ ಇಡಿ. ನೆಲ ಒರೆಸಲು, ಶೌಚಾಲಯಕ್ಕೆ, ಅಂಗಳಕ್ಕೆ ಚಿಮುಕಿಸಲು ಬಳಸಿ. ಲವಣವೆಲ್ಲ ಅದರಲ್ಲೇ ಸೇರಿರುವುದರಿಂದ ದನಕ್ಕೆ ಕುಡಿಸಬೇಡಿ, ಕುಂಡದ ಗಿಡಗಳಿಗೆ ದಿನವೂ ಹಾಕಬೇಡಿ.

ಕೊಳ್ಳುವಾಗ, ಬಳಸುವಾಗ ನೆನಪಿರಲಿ

* ರಿಪೇರಿಗೆ ಎಲ್ಲಿಂದ ಬರುತ್ತಾರೆ ಎಂದು ಮೊದಲೇ ಕೇಳಿ. ಚಿತ್ರದುರ್ಗದಿಂದಲೋ ಬಳ್ಳಾರಿಯಿಂದಲೋ ಬರಬೇಕಾದರೆ ವಾರಗಟ್ಟಲೆ ಕಾಯಬೇಕಾದೀತು. ಅದೇ ಕಂಪನಿಯ ಯಂತ್ರ ಇರುವ ನೆರೆಮನೆಯವರನ್ನು ವಿಚಾರಿಸಿ.
* ಬೆಲೆ ಕೇಳುವಾಗಲೇ ಫಿಲ್ಟರ್, ಪೊರೆಗಳ ಬೆಲೆಯನ್ನೂ ಕೇಳಿ. ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ಪೊರೆ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ.
* ಕರೆಂಟ್ ಹೋಗಿ ಬರುವ ಊರಿನಲ್ಲಿ ಏಳೆಂಟು ಲೀಟರ್ ಹಿಡಿಯುವ ಟ್ಯಾಂಕ್ ಇರುವ ಯಂತ್ರವೇ ಅನುಕೂಲ.
* ಹೊರಗಿನ ಮೊದಲ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಬದಲಿಸಿ. ಅದನ್ನು ಉಳಿಸಲು ಹೋದರೆ ದುಬಾರಿ ಪೊರೆ ಬೇಗ ಹಾಳಾಗುತ್ತದೆ.
* ಯಂತ್ರ ಕೂರಿಸಿದ ದಿನದ ಟಿಡಿಎಸ್ ಬರೆದಿಡಿ. ತಿಂಗಳಿಗೊಮ್ಮೆ ನೋಡಿ. ಸಂಖ್ಯೆ ಏರುತ್ತಾ ಹೋದರೆ ಪೊರೆ ಸೋತಿದೆ ಎಂದರ್ಥ.
* ವರ್ಷಕ್ಕೊಮ್ಮೆ ಯಂತ್ರದಿಂದ ಬಂದ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ.
* ಬಿಲ್ ಇಲ್ಲದೆ ಕೊಳ್ಳಬೇಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು, ತಾರೀಖು ಹಾಕಿಸಿ.

ಯಂತ್ರಕ್ಕೆ ಸದ್ಯ ದುಡ್ಡು ಹೊಂದದಿದ್ದರೆ ಸಂಕೋಚ ಬೇಡ. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಹತ್ತಿರದಲ್ಲಿದ್ದರೆ ಅದರ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಸರಿಯಿದ್ದರೆ ಧಾರಾಳವಾಗಿ ತನ್ನಿ. ಕೊನೆಪಕ್ಷ ಮನೆಯ ಚಿಕ್ಕ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಆ ನೀರೇ ಇರಲಿ.

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಜರಿ ತಿರುಗಿಸಿ ನೋಡದೆ ಒಪ್ಪುವವರಲ್ಲ ನಾವು. ಮೊಳಕಾಲ್ಮೂರು ರೇಷ್ಮೆಯ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕೇ? ಅಷ್ಟೇ ಎಚ್ಚರವನ್ನು ನೀರಿನ ಯಂತ್ರಕ್ಕೂ ತೋರಿಸಿ. ಮುಂದಿನ ಸಲ ಟೈ ಹುಡುಗ ಬಂದರೆ ಕುಡಿಯಲು ನೀರು ಕೊಡಿ, ಜೊತೆಗೆ ಒಂದು ಚಿಟಿಕೆ ಉಪ್ಪನ್ನೂ ರೆಡಿ ಇಟ್ಟುಕೊಳ್ಳಿ!