ಸಣ್ಣ ವೆಲ್ಡಿಂಗ್ ಯಂತ್ರದ ಹಿಂಬದಿಯ ಜೋಡಣೆಗಳು: ರೈತರು ಅರಿಯಬೇಕಾದ ಅಂಶಗಳು

ಮುರಿದ ಕಲ್ಟಿವೇಟರ್, ಬಿರುಕು ಬಿಟ್ಟ ಟ್ರೈಲರ್ ಕೊಂಡಿ, ಕಿತ್ತುಹೋದ ಗೇಟು ಮುಂತಾದವುಗಳ ದುರಸ್ತಿಗಾಗಿ ಅನೇಕ ರೈತರು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರವನ್ನು ಸ್ವಂತಕ್ಕೆ ಕೊಳ್ಳುತ್ತಿದ್ದಾರೆ. ಯಂತ್ರದ ಮುಂಬದಿಯ ಬಳಕೆಯನ್ನು ಮಾರಾಟಗಾರರು ತೋರಿಸಿಕೊಡುತ್ತಾರೆ. ಹಿಂಬದಿಯ ಬಗ್ಗೆ ಹೇಳುವವರು ವಿರಳ. ಯಂತ್ರವನ್ನು ಸುಡುವ, ಜೀವಕ್ಕೆ ಎರವಾಗುವ ತಪ್ಪುಗಳು ನಡೆಯುವುದು ಅಲ್ಲಿಯೇ.

ಹಿಂಬದಿಯಲ್ಲಿ ಸಾಮಾನ್ಯವಾಗಿ ವಿದ್ಯುತ್ ಪೂರೈಕೆಯ ಕೇಬಲ್, ಸ್ವಿಚ್ ಅಥವಾ ಎಂ.ಸಿ.ಬಿ., ಅರ್ಥಿಂಗ್ ಬೋಲ್ಟ್, ಫ್ಯಾನ್ ಹಾಗೂ ವಿವರ ಫಲಕ ಇರುತ್ತವೆ. ಏಕ ಫೇಸ್ ಯಂತ್ರದ ಕೇಬಲ್‌ನಲ್ಲಿ ಮೂರು ತಂತಿಗಳಿವೆ. ಅನೇಕ ಯಂತ್ರಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಎಡವುವುದು ಇಲ್ಲಿ. ಪಂಪ್‌ಸೆಟ್ ಬೋರ್ಡಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್‌ಗಳು, ಕಪ್ಪು ನ್ಯೂಟ್ರಲ್. ಬಣ್ಣ ನೋಡಿ ನೀಲಿಗೆ ನೀಲಿಯನ್ನೂ, ಕಂದಿಗೆ ಕೆಂಪನ್ನೂ ಸೇರಿಸಿದರೆ 230 ವೋಲ್ಟ್‌ನ ಯಂತ್ರಕ್ಕೆ 415 ವೋಲ್ಟ್ ಹರಿದು, ಒಳಗಿನ ಕೆಪಾಸಿಟರ್‌ಗಳು ಸಿಡಿಯಬಹುದು. ಆದುದರಿಂದ ಬಣ್ಣವನ್ನು ನಂಬದೆ, ಅರ್ಹ ಎಲೆಕ್ಟ್ರಿಷಿಯನ್‌ರಿಂದ ಮಲ್ಟಿಮೀಟರ್ ಮೂಲಕ ಅಳೆಸಿದ ನಂತರವೇ ಜೋಡಿಸತಕ್ಕದ್ದು. ನ್ಯೂಟ್ರಲ್ ಇಲ್ಲವೆಂದು ಕೊಳವೆಬಾವಿಯ ಕೇಸಿಂಗ್ ಪೈಪಿಗೆ ತಂತಿ ಸುತ್ತುವ ರೂಢಿ ಕೆಲವೆಡೆ ಇದೆ. ಆಗ ಆ ಪೈಪನ್ನು ಮುಟ್ಟಿದವರಿಗೆ ವಿದ್ಯುದಾಘಾತವಾಗಬಹುದು. ಇದನ್ನು ಎಂದಿಗೂ ಮಾಡಬಾರದು.

ಇನ್ನೊಂದು ಗೊಂದಲ 'ಅರ್ಥ್' ಎಂಬ ಪದದ್ದು. ಕಬ್ಬಿಣಕ್ಕೆ ಕಚ್ಚಿಸುವ ಮುಂಬದಿಯ ಕ್ಲ್ಯಾಂಪನ್ನೂ ನಮ್ಮ ಕಡೆ ಅರ್ಥ್ ಎಂದೇ ಕರೆಯುತ್ತಾರೆ. ಅದು ವೆಲ್ಡಿಂಗ್ ವಿದ್ಯುತ್ ಮರಳುವ ದಾರಿ ಮಾತ್ರ. ಹಿಂಬದಿಯ ಬೋಲ್ಟ್ ಯಂತ್ರದ ಲೋಹದ ಕವಚಕ್ಕೆ ಸೇರಿದ್ದು. ಒಳಗೆ ಫೇಸ್ ತಂತಿ ಕವಚಕ್ಕೆ ತಗುಲಿದರೆ ವಿದ್ಯುತ್ತು ಈ ದಾರಿಯಲ್ಲಿ ಹರಿದು ಎಂ.ಸಿ.ಬಿ. ಅಥವಾ ಫ್ಯೂಸ್ ಕಡಿತಗೊಳ್ಳಬೇಕು. ಒಂದು ಇನ್ನೊಂದರ ಕೆಲಸ ಮಾಡದು. ಬೋಲ್ಟಿನ ಬಳಿ ಬಣ್ಣ ಅಥವಾ ತುಕ್ಕು ಇದ್ದರೆ ಉಜ್ಜಿ ತೆಗೆದು, ತಂತಿಯನ್ನು ವಾಷರ್ ಸಹಿತ ಬಿಗಿಗೊಳಿಸಬೇಕು.

ವಿವರ ಫಲಕದಲ್ಲಿ ದೊಡ್ಡದಾಗಿ ಕಾಣುವ 200 ಆಂಪಿಯರ್ ಹೊರಹೋಗುವ ವಿದ್ಯುತ್ತಿನದು. ಕೇಬಲ್, ಎಂ.ಸಿ.ಬಿ. ಆಯ್ಕೆಗೆ ಬೇಕಾದುದು ಒಳಬರುವ ಗರಿಷ್ಠ ಆಂಪಿಯರ್. ಮನೆಯ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. ದೂರದಿಂದ ಎಳೆದ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ: 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 100 ಮೀಟರ್ ದೂರಕ್ಕೆ 15 ಆಂಪಿಯರ್ ಹರಿದರೆ ಸುಮಾರು 22 ವೋಲ್ಟ್ ನಷ್ಟ. ರಾಡ್ ಪದೇ ಪದೇ ಅಂಟಿಕೊಳ್ಳುತ್ತಿದ್ದರೆ ರಾಡನ್ನು ದೂರುವ ಮೊದಲು ಇದನ್ನು ಪರಿಶೀಲಿಸುವುದು ಒಳ್ಳೆಯದು.

ಫ್ಯಾನಿನ ಹಿಂದೆ ಒಂದು ಅಡಿಯಷ್ಟಾದರೂ ಜಾಗ ಬಿಡಬೇಕು. ಹುಲ್ಲಿನ ಬಣವೆಯ ಬಳಿ ವೆಲ್ಡಿಂಗ್ ಮಾಡಲೇಬಾರದು. ಗ್ರೈಂಡರ್‌ನ ಕಬ್ಬಿಣದ ಪುಡಿ ಫ್ಯಾನಿನ ಮೂಲಕ ಒಳಸೇರಿ ಸರ್ಕ್ಯೂಟ್ ಬೋರ್ಡಿನಲ್ಲಿ ಶಾರ್ಟ್ ಉಂಟುಮಾಡುವುದರಿಂದ ಎರಡು ಕೆಲಸಗಳನ್ನೂ ಒಂದೇ ಮೂಲೆಯಲ್ಲಿ ಮಾಡುವುದು ಸೂಕ್ತವಲ್ಲ. ಮಿಗ್ ಯಂತ್ರವಾದರೆ ಹಿಂಬದಿಯಲ್ಲಿ ಅನಿಲದ ಕೊಳವೆಯ ನಿಪ್ಪಲ್ ಸಹ ಇರುತ್ತದೆ. ಅದಕ್ಕೆ ಕ್ಲಿಪ್ ಬಿಗಿದು, ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿಕೊಳ್ಳಬೇಕು.