ಪಿಸಾರೊವಿನ ಕಾಯಿಪಲ್ಯದ ತೋಟ

ಫ್ರಾನ್ಸಿನಲ್ಲಿ ‘ಇಂಪ್ರೆಷನಿಸ್ಟ್’ ಎಂದು ಹೆಸರಾದ ಚಿತ್ರಕಾರರು 1874ರಿಂದ 1886ರ ವರೆಗೆ ನಡೆಯಿಸಿದ 8 ಪ್ರದರ್ಶನಗಳಲ್ಲಿಯೂ ತಪ್ಪದೆ ಭಾಗವಹಿಸಿದವನು ಕಮೀಲ್ ಪಿಸಾರೊ (1830–1903) ಒಬ್ಬನೇ. ಅವನು 1877ರಲ್ಲಿ ಬರೆದ ಚಿತ್ರವೊಂದಕ್ಕೆ ‘ಕಾಯಿಪಲ್ಯದ ತೋಟ, ಹೂತ ಮರಗಳು, ವಸಂತ, ಪೊಂತ್ವಾಜ್’ ಎಂದು ಹೆಸರು. ವಸ್ತುವೆಲ್ಲ ಆ ಹೆಸರಿನಲ್ಲಿಯೇ ಮುಗಿದುಹೋಗುವುದು. ಮುಂದೆ ಪಲ್ಯದ ಪಾತಿಗಳು. ನಡುವೆ ಬಿಳಿಯ ಹೂ ಕಿಕ್ಕಿರಿದ ಮರಗಳು. ಅವುಗಳ ಮರೆಯಲ್ಲಿ ಮನೆಗಳು, ಅದರಾಚೆ ಗುಡ್ಡ. ಕಥೆಯಿಲ್ಲ, ನಾಯಕನಿಲ್ಲ.

ಆ ಕಾಲಕ್ಕೆ ಇದು ಸಣ್ಣ ಸಾಹಸವಲ್ಲ. ಪ್ಯಾರಿಸ್ಸಿನ ಕಲಾಪಂಡಿತರು ಪುರಾಣೇತಿಹಾಸಗಳ ಚಿತ್ರಗಳಿಗೆ ಅಗ್ರಪೀಠವನ್ನಿತ್ತು ಭೂದೃಶ್ಯವನ್ನು ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿದ್ದರು. ಭೂದೃಶ್ಯಗಳಲ್ಲಿಯೂ ಅರಮನೆಯ ಉದ್ಯಾನಕ್ಕಿದ್ದ ಮರ್ಯಾದೆ ಕೋಸಿನ ಪಾತಿಗೆ ಎಲ್ಲಿಯದು? ಮೊದಲನೆಯ ಪ್ರದರ್ಶನವನ್ನು ಸಹಾನುಭೂತಿಯಿಂದಲೇ ಕಂಡ ಕಾಸ್ತಾನ್ಯಾರಿಯೆಂಬ ವಿಮರ್ಶಕನು ಕೂಡ, ಪಿಸಾರೊವಿಗೆ ತರಕಾರಿತೋಟಗಳ ಚಪಲ ಅತಿಯಾಯಿತೆಂದು ಆಕ್ಷೇಪಿಸಿದನು. ಮೂರು ವರ್ಷಗಳ ಮೇಲೆ ಬಂದ ಈ ಚಿತ್ರವೇ ಅದಕ್ಕೆ ಉತ್ತರವೆನ್ನಬಹುದು.

ಆದರೆ ಚಿತ್ರದ ಹಿರಿಮೆಯು ವಸ್ತುವಿಗಿಂತ ಹೆಚ್ಚಾಗಿ ರೀತಿಯಲ್ಲಿದೆ. ಹತ್ತಿರ ನಿಂತು ನೋಡಿದರೆ ಇಲ್ಲಿ ಒಂದು ಹೂವೂ ಇಲ್ಲ. ದಪ್ಪನಾಗಿ ಮೆತ್ತಿದ ಬಣ್ಣದ ತುಣುಕುಗಳು ಮಾತ್ರ ಇವೆ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರೆ ಆ ತುಣುಕುಗಳೇ ಕೂಡಿ ಮರವು ಹೂ ತಳೆದು ನಿಲ್ಲುವುದು. ಚಿತ್ರಕಾರನು ಅರ್ಧ ಮಾಡಿ ಬಿಟ್ಟ ಕೆಲಸವನ್ನು ನೋಡುವವನ ಕಣ್ಣು ಪೂರಯಿಸುತ್ತದೆ. ಧ್ವನಿಕಾವ್ಯದಲ್ಲಿ ಸಹೃದಯನ ಪಾತ್ರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಇನ್ನೊಂದು ವಿಶೇಷವೆಂದರೆ, ಹೂವನ್ನು ಮೂಡಿಸಿದ ಆ ತುಂಡು ತುಂಡಾದ ಕುಂಚದ ಹೊಡೆತವೇ ಪಾತಿಯನ್ನೂ ಮೂಡಿಸಿದೆ. ಹೂವು ಮೇಲು, ಸೊಪ್ಪು ಕೀಳು ಎಂಬ ಪಂಕ್ತಿಭೇದ ಇಲ್ಲಿಲ್ಲ. ಕಾಸ್ತಾನ್ಯಾರಿಯು ಕೋಸನ್ನು ಕಂಡನೇ ಹೊರತು ಈ ಸಮದೃಷ್ಟಿಯನ್ನು ಕಾಣಲಿಲ್ಲ.

ಇದೇ ತೋಟವನ್ನು ಅದೇ ವರ್ಷ ಗೆಳೆಯನಾದ ಪಾಲ್ ಸೆಜಾನನೂ ಬರೆದನು. ಸೆಜಾನನ ಮನಸ್ಸು ಆಕಾರಗಳ ಕಟ್ಟಡದ ಕಡೆಗೆ. ಪಿಸಾರೊವಿನದು ಹೂವಿನ ಮೇಲಾಡುವ ಬೆಳಕಿನ ಕಡೆಗೆ. ಒಂದೇ ವಸ್ತುವು ಇಬ್ಬರ ಕೈಯಲ್ಲಿ ಹೇಗೆ ಬೇರೆಯಾಗುವುದೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಕ್ಕುವುದು ಕಷ್ಟ.

ಪಿಸಾರೊವಿನ ಚಿತ್ರವು ಗುಸ್ತಾವ್ ಕೈಬೋತನ ಸಂಗ್ರಹವನ್ನು ಸೇರಿತು. ಅವನು 1894ರಲ್ಲಿ ತೀರಿಕೊಂಡಾಗ ಸಂಗ್ರಹವನ್ನೆಲ್ಲ ಫ್ರೆಂಚ್ ಸರ್ಕಾರಕ್ಕೆ ಬಿಟ್ಟುಹೋದನು. ಬಿಟ್ಟಿಯಾಗಿ ಬಂದುದನ್ನು ಕೂಡ ಸರ್ಕಾರ ಪೂರ್ತಿಯಾಗಿ ಕೊಳ್ಳಲೊಪ್ಪಲಿಲ್ಲ. ಪಿಸಾರೊವಿನ 18 ಚಿತ್ರಗಳಲ್ಲಿ 7 ಮಾತ್ರ ಅಂಗೀಕೃತವಾದುವು. ಪ್ಯಾರಿಸ್ಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿ ಈಗಿರುವ ಈ ತೋಟ ಆ ಏಳರಲ್ಲೊಂದು.